ನಾಲ್ಕು ಊರಿನ ಸ್ಕೂಟರ್ ಕ್ಲಾಸು

"ಬ್ರೇಕ್! ಬ್ರೇಕ್ ಹಿಡೀರಿ ಪ್ರೇಮಕ್ಕಾ... ಬ್ರೇಕ್!"

ಸಂಧ್ಯಾರಾಣಿ ಕೂಗಿದ ರಭಸಕ್ಕೆ ಮೈದಾನದಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಸ್ಕೂಟರ್ ಮಾತ್ರ ನಿಲ್ಲಲಿಲ್ಲ.

"ಹಿಡ್ದೇ ಇದೀನಿ ಕಣವ್ವಾ! ಇದು ನಿಲ್ಲಂಗೇ ಕಾಣ್ಸಲ್ಲ!"

ಐವತ್ತು ದಾಟಿದ ಪ್ರೇಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಗೆ ದೊಡ್ಡದಾದ ಹೆಲ್ಮೆಟ್ ಹಾಕಿಕೊಂಡು, ನೇರವಾಗಿ ಗೇಟಿನ ಕಡೆಗೆ ಹೋಗುತ್ತಿದ್ದರು. ಗೇಟಿನಾಚೆ ಚನ್ನಗಿರಿಯ ಮುಖ್ಯರಸ್ತೆ. ರಸ್ತೆಯಲ್ಲಿ ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು!

ಸಂಧ್ಯಾ ಓಡಿದಳು. ಓಡುತ್ತಿರುವಾಗಲೇ ಅವಳಿಗೆ ಗೊತ್ತಾಯಿತು... ತಾನು ಮುಟ್ಟುವುದಿಲ್ಲ.

ಅಷ್ಟರಲ್ಲಿ ಗೇಟಿನೊಳಗೆ ಕಾಲಿಟ್ಟ ಯುವಕನೊಬ್ಬ ಕೈಯಲ್ಲಿದ್ದ ಟೀ ಲೋಟ ಬಿಸಾಡಿ ಸ್ಕೂಟರಿನ ಪಕ್ಕಕ್ಕೆ ಹಾರಿದ. ಅದರ ಜೊತೆಗೇ ಓಡುತ್ತಾ ಕೈ ಚಾಚಿ ಕೀ ತಿರುಗಿಸಿದ. ಹಿಂದಿನ ಕಂಬಿ ಹಿಡಿದು ಮೈಭಾರವನ್ನೆಲ್ಲ ಹಾಕಿ ಎಳೆದ. ಚಪ್ಪಲಿ ಎರಡೂ ಎಲ್ಲೋ ಹಾರಿಹೋದವು. ಧೂಳೋ ಧೂಳು!

ಧೂಳು ಇಳಿದಾಗ ಸ್ಕೂಟರ್ ಗೇಟಿನ ಬಾಯಲ್ಲಿ ನಿಂತಿತ್ತು. ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಾ ಮುಂದೆ ಹೋಯಿತು.

"ಬಿದ್ನಾ ನಾನು?" ಪ್ರೇಮಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇಲ್ಲ ಅಮ್ಮಾ. ಇಳೀರಿ," ಎಂದ ಅವನು. ಆಮೇಲೆ ಏದುಸಿರು ಬಿಡುತ್ತಾ ಎದುರಿಗೆ ಬಂದು ನಿಂತ ಸಂಧ್ಯಾಳ ಕಡೆ ತಿರುಗಿದ. "ಕ್ಲಾಸು ನಿಮ್ದಾ? ಇವತ್ತು ನಿಲ್ಸಿಬಿಡ್ರಿ. ಈ ಗಾಡಿ ಬ್ರೇಕು ಪೂರ್ತಿ ಹೋಗೈತೆ. ಉಳಿದವನ್ನೂ ನೋಡ್ಬೇಕು."

ಥ್ಯಾಂಕ್ಸ್ ಹೇಳಲು ಬಾಯಿ ತೆರೆದಿದ್ದ ಸಂಧ್ಯಾಳ ಮುಖ ಕೆಂಪಾಯಿತು. ಅಷ್ಟು ಜನ ಕಲಿಯುವವರ ಎದುರಿಗೆ!

"ನನ್ನ ಕ್ಲಾಸ್ ನಿಲ್ಸು ಅನ್ನಾಕೆ ನೀವ್ಯಾರ್ರೀ?"

"ಭೀಮೇಶ್ ಅಂತ. ಎದುರುಗಡೆ ಹೊಸದಾಗಿ ಗ್ಯಾರೇಜ್ ಹಾಕಿದೀನಿ." ಅವನು ಬರಿಗಾಲಲ್ಲಿ ನಿಂತು ನಕ್ಕ. "ನಂಬಿಕೆ ಇಲ್ದಿದ್ರೆ ನೀವೇ ಹಿಡಿದು ನೋಡ್ರಿ."

ಸಂಧ್ಯಾ ಬ್ರೇಕ್ ಒತ್ತಿದಳು. ಹಿಡಿ ಹ್ಯಾಂಡಲ್ಲಿಗೇ ಬಂದು ತಾಗಿತು. ಬೆಳಿಗ್ಗೆ ನೋಡಿದಾಗ ಸ್ವಲ್ಪ ಸಡಿಲ ಅನ್ನಿಸಿತ್ತು ಅವಳಿಗೆ. 'ಇವತ್ತು ಬ್ಯಾಚ್ ತುಂಬಿದೆ, ನಾಳೆ ಮಾಡಿಸಿದರಾಯಿತು' ಎಂದುಕೊಂಡಿದ್ದಳು...

ಅವಳು ತಿರುಗಿ ನಿಂತು ಗಟ್ಟಿಯಾಗಿಯೇ ಹೇಳಿದಳು: "ಇವತ್ತು ಕ್ಲಾಸ್ ಇಲ್ಲ ಅಕ್ಕಂದಿರಾ. ತಪ್ಪು ನಂದೇ. ಗಾಡಿಗಳೆಲ್ಲ ಸರಿಯಾದ ಮೇಲೇನೇ ಶುರು ಮಾಡೋಣ."

ಭೀಮೇಶನ ನಗು ನಿಂತಿತು. ಅವಳನ್ನು ಇನ್ನೊಮ್ಮೆ ನೋಡಿದ... ಈ ಸಲ ಬೇರೆ ಥರ.

*

ನ್ಯಾಮತಿಯಲ್ಲಿ ಹುಟ್ಟಿದ ಸಂಧ್ಯಾರಾಣಿ, ತಾಯಿ ಹನುಮಂತಮ್ಮನಿಗೆ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿದ ಮೇಲೆ ಚನ್ನಗಿರಿಗೆ ಬಂದವಳು. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದ ಹುಡುಗಿ, ಒಂದು ಹಳೇ ಸ್ಕೂಟರ್ ಇಟ್ಟುಕೊಂಡು ಹೆಂಗಸರಿಗೆ ಗಾಡಿ ಕಲಿಸಲು ಶುರು ಮಾಡಿದಾಗ ನಕ್ಕವರೇ ಹೆಚ್ಚು. ಈಗ ಅವಳ ಬೆಳಗಿನ ಬ್ಯಾಚಿಗೆ ಜಾಗ ಸಿಗುವುದೇ ಕಷ್ಟ.

ಅಂದಿನಿಂದ ಅವಳ ಗಾಡಿಗಳೆಲ್ಲ ಭೀಮೇಶನ ಗ್ಯಾರೇಜಿಗೇ ಹೋಗತೊಡಗಿದವು. ಗಾಡಿಯ ಜೊತೆಗೆ ಅವಳೂ...

ಪ್ರೇಮಮ್ಮ ಎಲ್‌ಎಲ್‌ಆರ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡ ವಾರ, ತ್ಯಾವಣಿಗೆಯಲ್ಲಿರುವ ತಂಗಿಯ ಮನೆಗೆ ಒಬ್ಬರೇ ಸ್ಕೂಟರಿನಲ್ಲಿ ಹೋಗುತ್ತೇನೆಂದು ಹಟ ಹಿಡಿದರು. ಸಂಧ್ಯಾ ತನ್ನ ಗಾಡಿಯಲ್ಲಿ ದೂರದಿಂದ ಹಿಂಬಾಲಿಸಿದಳು. ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದರೆ... ಹಿಂದೆ ಭೀಮೇಶನ ಬೈಕು!

"ನೀವ್ಯಾಕೆ ಬಂದ್ರಿ?"

"ಪ್ರೇಮಮ್ಮನ ಗಾಡಿ ಸರ್ವಿಸ್ ಮಾಡಿದ್ದು ನಾನಲ್ವಾ? ನನಗೂ ಎದೆ ಡವಗುಟ್ಟುತ್ತೆ ರೀ!"

ತ್ಯಾವಣಿಗೆಯ ತಂಗಿಯ ಮನೆ ಮುಂದೆ ಗಾಡಿ ನಿಲ್ಲಿಸಿದ ಪ್ರೇಮಮ್ಮ ಹೆಲ್ಮೆಟ್ ತೆಗೆದು, ಬೀದಿಯವರೆಲ್ಲ ಕೇಳುವಂತೆ ಕೂಗಿದರು: "ಲೇ ತಂಗೀ, ಬಾರೇ ಹೊರಗೆ! ಬಸ್ಸಲ್ಲಿ ಬಂದಿಲ್ಲ ಕಣೇ ನಾನು!"

ಬೀದಿ ತಿರುವಿನಲ್ಲಿ ನಿಂತಿದ್ದ ಸಂಧ್ಯಾಳ ಕಣ್ಣು ತುಂಬಿ ಬಂತು. ಭೀಮೇಶ ಏನೂ ಕೇಳದೆ ಹೋಟೆಲಿನಿಂದ ಎರಡು ಕಟ್ಟು ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಂದ.

"ನಮ್ಮವ್ವ ಜಗಳೂರಲ್ಲಿ ಐತೆ," ಎಂದ ತಿನ್ನುತ್ತಾ. "ಅಲ್ಲಿನ ಹೆಂಗಸ್ರಿಗೂ ನೀವು ಹಿಂಗೇ ಕಲಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ಸುತ್ತೆ."

'ಬರೀ ಹೆಂಗಸರಿಗೆ ಕಲಿಸಲಿಕ್ಕಾ? ಇನ್ನೇನೂ ಅನ್ನಿಸಲ್ವಾ ನಿಮಗೆ?' ಸಂಧ್ಯಾಳ ಮನಸ್ಸು ಕೇಳಿತು. ಬಾಯಿ ಮಾತ್ರ ಬಜ್ಜಿ ಖಾರ ಅಂದಿತು.

*

ಆ ಸುದ್ದಿ ಬಂದದ್ದು ಒಂದು ಗುರುವಾರ. ಹೊಸ ಸ್ಕೂಟರ್ ಶೋರೂಮಿನ ಮಾಲೀಕ ರೇಣುಕಪ್ರಸಾದ್ ಅವಳನ್ನು ಕರೆಸಿ, ಕುರ್ಚಿ ಹಾಕಿಸಿ, ಜ್ಯೂಸ್ ತರಿಸಿ ಹೇಳಿದರು:

"ಮೇಡಂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕು ಊರಲ್ಲಿ ನಿಮ್ಮ ಸ್ಕೂಟರ್ ಕ್ಲಾಸು, ಒಂದೇ ದಿನ ಉದ್ಘಾಟನೆ! ಗಾಡಿ ನಮ್ಮವು, ಜಾಗ ನಮ್ದು. ಬ್ಯಾನರ್ ಮೇಲೆ ನಿಮ್ಮ ಫೋಟೋ. ನೀವು ಹೂಂ ಅಂದ್ರೆ ಸಾಕು."

ಸಂಧ್ಯಾಳಿಗೆ ತಾನು ಕೂತದ್ದು ಕುರ್ಚಿಯಲ್ಲೋ, ಗಾಳಿಯಲ್ಲೋ ತಿಳಿಯಲಿಲ್ಲ. ನ್ಯಾಮತಿ! ತಾನು ಹುಟ್ಟಿದ ಊರಿನಲ್ಲಿ ತನ್ನ ಫೋಟೋ! ಸೋಮವಾರ ಉತ್ತರ ಹೇಳುತ್ತೇನೆಂದು ಎದ್ದವಳು ಸೀದಾ ಗ್ಯಾರೇಜಿಗೆ ಓಡಿದಳು. ಮನೆಗೂ ಹೋಗಲಿಲ್ಲ, ಅಮ್ಮನಿಗೂ ಫೋನ್ ಮಾಡಲಿಲ್ಲ.

"ಭೀಮೇಶ್! ನಾಲ್ಕು ಊರು ರೀ... ನಾಲ್ಕು!"

ಕೇಳುತ್ತಾ ಕೇಳುತ್ತಾ ಭೀಮೇಶನ ಮುಖದ ಬೆಳಕು ಮಂಕಾಯಿತು.

"ಒಂದೇ ಸಲಕ್ಕಾ? ಎಲ್ಲಾ ಕಡೆ ಯಾರು ಕಲಿಸ್ತಾರೆ?"

"ಯಾರನ್ನಾದ್ರೂ ಇಟ್ಕೊಂಡ್ರಾಯ್ತು. ನೀವೇನಂತೀರಿ, ಅದು ಹೇಳ್ರಿ."

ಅವನು ಬಟ್ಟೆಯಲ್ಲಿ ಕೈ ಒರೆಸಿದ. ಮತ್ತೆ ಮತ್ತೆ ಒರೆಸಿದ.

"ನನ್ನ ಕೇಳಬೇಡ್ರಿ ಸಂಧ್ಯಾ. ಇದ್ರಾಗೆ ನಾನು ಏನೂ ಹೇಳಂಗಿಲ್ಲ."

"ಖುಷಿ ಪಡಾಕೂ ಬರಲ್ವಾ ನಿಮಗೆ?"

ಅವನು ತಲೆ ತಗ್ಗಿಸಿದ. ಸಂಧ್ಯಾಳಿಗೆ ಎದೆಯೊಳಗೆ ಏನೋ ಮುರಿದ ಹಾಗಾಯಿತು. ಇಡೀ ಚನ್ನಗಿರಿಯಲ್ಲಿ ಮೊದಲು ಹೇಳಬೇಕು ಅನ್ನಿಸಿದ್ದು ಇವನೊಬ್ಬನಿಗೇ...

ಮರುದಿನ ಗಾಡಿಗಳನ್ನು ನೋಡಲು ಶೋರೂಮಿಗೆ ಹೋದಾಗ ರೇಣುಕಪ್ರಸಾದ್ ಸಹಜವಾಗಿಯೇ ಅಂದರು: "ಜಗಳೂರಲ್ಲಿ ಕ್ಲಾಸಿನ ಜೊತೆಗೆ ನಾವು ತೆರೆಯೋ ವರ್ಕ್‌ಶಾಪನ್ನ ನಿಮ್ಮ ಭೀಮೇಶ್ ನೋಡ್ಕೊಳ್ತಾರೆ ಮೇಡಂ. ಊರಲ್ಲೇ ಕೆಲಸ, ತಾಯಿ ಹತ್ರ ಇರಬಹುದು ಅಂತ ಕೇಳಿದ್ವಿ, ಆಗಬಹುದು ಅಂದ್ರು. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ!

ಸಂಧ್ಯಾ ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು. "ಜಗಳೂರಿಗೆ ಹೋಗ್ತಿದೀರಂತೆ. ಹೌದಾ?"

"ಮಾತಾಗಿತ್ತು, ಆದ್ರೆ..."

"ನಾನು ಬಂದು ಕುಣಿದಾಡಿದಾಗ್ಲೂ ನಿಮಗೆ ಗೊತ್ತಿತ್ತು. ಆದ್ರೂ ಬಾಯಿ ಬಿಡಲಿಲ್ಲ. ನನ್ನನ್ನ ಏನಂತ ತಿಳ್ಕೊಂಡಿದೀರಿ?"

"ಸಂಧ್ಯಾ, ಒಂದು ನಿಮಿಷ ಕೇಳ್ರಿ..."

ಅವಳು ಕೇಳಲಿಲ್ಲ. ಗಾಡಿ ತಿರುಗಿಸಿಕೊಂಡು ಹೊರಟೇಬಿಟ್ಟಳು. ಅವನ ಫೋನು ಬಂದಾಗಲೆಲ್ಲ ಕತ್ತರಿಸಿದಳು.

ಮನೆಯಲ್ಲಿ ಹನುಮಂತಮ್ಮ ರೊಟ್ಟಿ ಬಡಿಯುತ್ತಿದ್ದರು. ಮಗಳು ಬಿಕ್ಕುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಈಗ್ಲೇ ಫೋನ್ ಮಾಡಿ ಶೋರೂಮಿಗೆ ಹೂಂ ಅಂತೀನಿ ಅವ್ವಾ. ಅವನ ಮುಖಕ್ಕೆ ಹೊಡ್ದಂಗಾಗ್ಲಿ!"

"ಕೋಪ ಆ ಹುಡುಗನ ಮೇಲೆ. ಹೂಂ ಅನ್ನೋದು ಶೋರೂಮಿಗೆ. ಅದೆಂಗೆ ಸರಿಹೋಗುತ್ತೆ ಮಗಾ?" ಹನುಮಂತಮ್ಮ ಹೆಂಚಿನ ಮೇಲೆ ರೊಟ್ಟಿ ಹಾಕಿದರು. "ಮೊದ್ಲು ಒಂದೂರಲ್ಲಿ ಮಾಡಿ ನೋಡಾಕೆ ಬರಲ್ವಾ? ಉಳಿದ ಊರು ಎಲ್ಲೂ ಓಡಿಹೋಗಲ್ಲ."

ಸಂಧ್ಯಾ ಕಣ್ಣೊರೆಸಿಕೊಂಡಳು. ಸೋಮವಾರ ರೇಣುಕಪ್ರಸಾದರ ಎದುರು ಕೂತು ಹೇಳಿದಳು: "ಸರ್, ಮೊದ್ಲು ಹೊನ್ನಾಳೀಲಿ ಒಂದು ವಾರ ಪ್ರಯೋಗ ಮಾಡ್ತೀನಿ. ನಿಮ್ಮ ಗಾಡಿ, ನಿಮ್ಮ ಪದ್ಧತಿ. ಆಮೇಲೆ ಉತ್ತರ."

*

ಹೊನ್ನಾಳಿಯಲ್ಲಿ ಜಾತ್ರೆಯಂಥ ಗದ್ದಲ!

ಸಂಧ್ಯಾಳ ಹಳೇ ಶಿಷ್ಯೆ ಹೇಮಾವತಿಯನ್ನು ಆ ಊರಿಗೇ ಮದುವೆ ಮಾಡಿಕೊಟ್ಟಿದ್ದರು. ಅವಳೇ ಮನೆಮನೆಗೆ ಹೋಗಿ ಹೇಳಿದ್ದಳು. ಅಂಗನವಾಡಿ ಟೀಚರುಗಳು, ಟೈಲರಿಂಗ್ ಮಾಡುವವರು, ಸೊಸೆಯ ಜೊತೆಗೆ ಬಂದ ಅತ್ತೆ... ಮೈದಾನದ ತುಂಬ ನಗು, ಕಿರುಚಾಟ, ಹಾರ್ನು!

"ಅಕ್ಕಾ, ನಾನು ನೋಡ್ಕೊಳ್ತೀನಿ ಈ ಕಡೆ!" ಹೇಮಾವತಿ ಯಾರೂ ಹೇಳದೆಯೇ ಒಬ್ಬೊಬ್ಬರ ಹಿಂದೆ ಓಡುತ್ತಾ, ಸೀಟು ಹಿಡಿದು, ಧೈರ್ಯ ಹೇಳುತ್ತಾ ಕಲಿಸತೊಡಗಿದಳು. ಅವಳನ್ನು ನೋಡಿ ಸಂಧ್ಯಾಳ ಮನಸ್ಸಿನಲ್ಲಿ ಏನೋ ಹೊಳೆಯಿತು.

ವಾರದ ಕೊನೆಯ ದಿನ ಶೋರೂಮಿನ ವಿನಯ್ ಕುಮಾರ್ ಕ್ಯಾಮೆರಾದವನನ್ನು ಕರೆದುಕೊಂಡು ಬಂದ.

"ಮೇಡಂ, ಇವತ್ತು ರ‍್ಯಾಲಿ. ಎಲ್ಲಾರೂ ಗಾಡಿ ಓಡಿಸ್ಕೊಂಡು ತುಂಗಭದ್ರಾ ಸೇತುವೆ ದಾಟಬೇಕು. ವಿಡಿಯೋ ಸಖತ್ತಾಗಿ ಬರುತ್ತೆ!"

"ಸೇತುವೆ ಮೇಲಾ? ಲಾರಿ, ಬಸ್ಸು ಓಡಾಡೋ ಕಡೆ? ಇವರಲ್ಲಿ ಅರ್ಧ ಜನಕ್ಕೆ ಇನ್ನೂ ಬ್ಯಾಲೆನ್ಸ್ ಬಂದಿಲ್ಲ ರೀ. ಎಲ್‌ಎಲ್‌ಆರ್ ಕೂಡ ಆಗಿಲ್ಲ ಕೆಲವ್ರಿಗೆ."

"ಒಂದು ವಾರದಾಗೆ ಕಲೀತಾರೆ ಅಂತ ತಾನೇ ನಮ್ಮ ಜಾಹೀರಾತು? ರೋಡಿಗೆ ಬಿಡ್ರಿ, ತಾನಾಗೇ ಬರುತ್ತೆ. ನಾಳೆ ಹೊಸ ಬ್ಯಾಚು ಬರಬೇಕು."

ಸಂಧ್ಯಾ ಸಾಲಿನಲ್ಲಿ ನಿಂತವರನ್ನು ನೋಡಿದಳು. ಎರಡು ಮಕ್ಕಳ ತಾಯಿ ಮಮತಾಳ ಹ್ಯಾಂಡಲ್ ಹಿಡಿದ ಕೈ ನಡುಗುತ್ತಿತ್ತು. ನಡುಗುತ್ತಿದ್ದರೂ ಕ್ಯಾಮೆರಾ ನೋಡಿ ನಗಲು ಪ್ರಯತ್ನಿಸುತ್ತಿದ್ದಳು.

ಎಲ್ಲಾ ಕಡೆ ಯಾರು ಕಲಿಸ್ತಾರೆ? ಭೀಮೇಶ ಕೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ಖುಷಿಪಡಲಾರದವನ ಮಾತಲ್ಲ ಅದು. ಕೇಳಲೇಬೇಕಾಗಿದ್ದ ಪ್ರಶ್ನೆ. ತಾನೇ ಕೇಳಿಕೊಳ್ಳಬೇಕಾಗಿದ್ದದ್ದು!

ಸಾಲಿನ ಮುಂದೆ ಹೋಗಿ ನಿಂತು ಕೈ ಅಡ್ಡ ಹಿಡಿದಳು.

"ಯಾರೂ ರೋಡಿಗೆ ಹೋಗಲ್ಲ. ಕೀ ತೆಗೀರಿ ಎಲ್ಲಾರೂ!"

ವಿನಯ್ ಕುಮಾರ್ ರೇಣುಕಪ್ರಸಾದರಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟ.

"ಮೇಡಂ, ಇಷ್ಟು ಸಣ್ಣದಕ್ಕೆ..."

"ಸಣ್ಣದಲ್ಲ ಸರ್. ನನ್ನ ಕೆಲಸ ಇರೋದೇ ಇದ್ರಲ್ಲಿ. ಅವರು ರೆಡಿ ಅಂದ್ಮೇಲೆ ರೋಡಿಗೆ ಹೋಗ್ಬೇಕು, ಕ್ಯಾಲೆಂಡರ್ ಹೇಳಿದಾಗಲ್ಲ. ಹೊನ್ನಾಳಿ ಒಂದೂರಲ್ಲಿ ನನ್ನ ಪದ್ಧತಿಯಂಗೆ ಮಾಡೋಣ ಅಂದ್ರೆ ಈಗ್ಲೇ ಒಪ್ತೀನಿ. ಆಗಲ್ಲ ಅಂದ್ರೆ... ನನ್ನ ಉತ್ತರ ಬೇಡ ಅಂತ."

ಆ ಕಡೆ ರೇಣುಕಪ್ರಸಾದರ ದನಿ ಗಡುಸಾಯಿತು. "ನಮಗೆ ನಾಲ್ಕು ಊರೂ ಬೇಕು ಮೇಡಂ, ಬೇಗ ಬೇಕು. ಒಳ್ಳೇ ಅವಕಾಶ ಬಿಡ್ತಿದೀರಿ. ನೀವಿಲ್ಲ ಅಂದ್ರೆ ಜಗಳೂರಿನ ವರ್ಕ್‌ಶಾಪೂ ನಾನು ತೆರೆಯಲ್ಲ."

ಸಂಧ್ಯಾ ಫೋನನ್ನು ವಿನಯ್ ಕುಮಾರನ ಕೈಗೆ ವಾಪಸು ಕೊಟ್ಟಳು. ಮಮತಾ ಗಾಡಿಯಿಂದಿಳಿದು ಬಂದು ಅವಳ ಕೈ ಹಿಡಿದಳು. "ಭಾಳ ಹೆದ್ರಿಕೆ ಆಗಿತ್ತು ಅಕ್ಕಾ. ಎಲ್ಲಾರ ಮುಂದೆ ಹೇಳಾಕೆ ನಾಚಿಕೆ. ನಾಳೆ ಗಾಡಿ ಇಲ್ದಿದ್ರೂ ಪರವಾಗಿಲ್ಲ... ನೀವು ಬಿಟ್ಟು ಹೋಗ್ಬೇಡ್ರಿ."

"ಯಾರು ಬಿಟ್ಟು ಹೋಗ್ತಾರೆ? ಚನ್ನಗಿರಿಯಿಂದ ನನ್ನ ಎರಡು ಗಾಡಿ ತರ್ತೀನಿ. ಇಲ್ಲಿನ ಟೀಚರ್ ಯಾರು ಗೊತ್ತಾ?" ಸಂಧ್ಯಾ ತಿರುಗಿ ಹೇಮಾವತಿಯ ಹೆಗಲ ಮೇಲೆ ಕೈಯಿಟ್ಟಳು. "ಇವಳು!"

"ನಾನಾ?!" ಹೇಮಾವತಿ ಕಿರುಚಿದಳು. ಹೆಂಗಸರೆಲ್ಲ ಒಟ್ಟಿಗೇ ಹಾರ್ನ್ ಒತ್ತಿದರು!

ನಗುತ್ತಿದ್ದ ಸಂಧ್ಯಾಳಿಗೆ ತಟ್ಟನೆ ರೇಣುಕಪ್ರಸಾದರ ಕೊನೆಯ ಮಾತು ನೆನಪಾಯಿತು. ಜಗಳೂರಿನ ವರ್ಕ್‌ಶಾಪ್... ಅಯ್ಯೋ! ಭೀಮೇಶನ ಕೆಲಸ! ತಾಯಿಯ ಹತ್ತಿರ ಇರುವ ಅವನ ಆಸೆ... ತನ್ನ ಒಂದು ಮಾತಿನಿಂದ ಹೋಯಿತಲ್ಲ!

ಅವಳೇ ಫೋನ್ ಮಾಡಿದಳು. ಸ್ವಿಚ್ ಆಫ್. ಪ್ರೇಮಮ್ಮನಿಗೆ ಮಾಡಿದಳು.

"ಗ್ಯಾರೇಜ್ ಬಾಗಿಲು ಹಾಕೈತೆ ಕಣವ್ವಾ. ಜಗಳೂರಿಗೆ ಹೋದ್ನಂತೆ. ಯಾವಾಗ ಬರ್ತಾನೋ ಯಾರಿಗೂ ಗೊತ್ತಿಲ್ಲ."

*

ಭಾನುವಾರ ಬೆಳಿಗ್ಗೆ ಸಂಧ್ಯಾ ತಾಯಿಗೆ ಹೇಳಿ, ಹೆಲ್ಮೆಟ್ ಹಾಕಿಕೊಂಡು ಹೊರಟಳು. ಅಷ್ಟು ದೂರ ಒಬ್ಬಳೇ ಅವಳು ಯಾವತ್ತೂ ಹೋಗಿರಲಿಲ್ಲ. ದಾವಣಗೆರೆಯ ಟ್ರಾಫಿಕ್ಕು ದಾಟಿ ಜಗಳೂರಿನ ರಸ್ತೆ ಹಿಡಿದಾಗ ಎರಡೂ ಬದಿಗೆ ಈರುಳ್ಳಿ ಹೊಲ, ತಲೆ ಮೇಲೆ ಬಯಲು ಆಕಾಶ, ಮುಖಕ್ಕೆ ರಪರಪ ಗಾಳಿ!

ಏನು ಹೇಳಬೇಕು? ಕ್ಷಮಿಸಿ ಅನ್ನಬೇಕಾ? ಆದರೆ ತೆಗೆದುಕೊಂಡ ನಿರ್ಧಾರ ತಪ್ಪಲ್ಲವಲ್ಲ... ಮತ್ತೆ ಯಾಕೆ ಇಷ್ಟು ಸಂಕಟ? ಅವನು ಇನ್ನು ಚನ್ನಗಿರಿಗೆ ಬರದೇ ಇದ್ದರೆ?

ಆ ಯೋಚನೆಗೆ ಅವಳ ಕಣ್ಣು ಮಂಜಾಯಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಹೊರಟಳು.

ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಬಾಗಿಲು ತೆರೆದವರು ದೊಡ್ಡ ಕಪ್ಪು ಕನ್ನಡಕ ಹಾಕಿದ್ದ ಹಿರಿಯ ಹೆಂಗಸು. ಭೀಮೇಶನ ತಾಯಿ ಗಾದ್ರಮ್ಮ.

"ಯಾರವ್ವಾ? ಕಣ್ಣಿನ ಆಪರೇಷನ್ ಆಗೈತೆ, ಸರಿಯಾಗಿ ಕಾಣಲ್ಲ."

"ನಾನು... ಸಂಧ್ಯಾ ಅಂತ. ಚನ್ನಗಿರಿಯಿಂದ."

ಗಾದ್ರಮ್ಮನ ಮುಖ ಅರಳಿತು. "ಗಾಡಿ ಕಲಿಸೋ ಹುಡುಗೀನಾ?! ಅಯ್ಯೋ ಬಾರವ್ವಾ! ಭೀಮಾ... ಲೋ ಭೀಮಾ! ಊಟ ಬಿಟ್ಟು ಮುಖ ಇಳಿಬಿಟ್ಕೊಂಡು ಕೂತಿದ್ಯಲ್ಲ, ಬಾರೋ ಹೊರಗೆ!"

ಭೀಮೇಶ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದ. ಅವಳನ್ನೂ, ಬಾಗಿಲಲ್ಲಿ ನಿಂತ ಧೂಳು ತುಂಬಿದ ಸ್ಕೂಟರನ್ನೂ ನೋಡಿದ.

"ಅಲ್ಲಿಂದ ಇಲ್ಲಿಗಂಟ... ಇದ್ರಲ್ಲೇ ಬಂದ್ರಾ?!"

"ಫೋನ್ ಯಾಕೆ ಆಫ್ ಮಾಡಿದ್ರಿ?"

"ಆಸ್ಪತ್ರೇಲಿ ಕೈಜಾರಿ ಬಿದ್ದು ಕೆಟ್ಟೋಯ್ತು. ನಿಮ್ಮ ನಂಬರೂ ಅದ್ರಾಗೇ..."

ಸಂಧ್ಯಾ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೊನ್ನಾಳಿ, ಸೇತುವೆ, ಮಮತಾಳ ನಡುಗುವ ಕೈ, ತಾನು ಬೇಡ ಅಂದದ್ದು. "ನನ್ನಿಂದ ನಿಮ್ಮ ಕೆಲಸ ಹೋಯ್ತು ಭೀಮೇಶ್. ನಾನು ಮಾಡಿದ್ದು ತಪ್ಪು ಅನ್ಸಲ್ಲ. ಆದ್ರೆ ನಿಮಗೆ ಎದುರಿಗೇ ಬಂದು ಹೇಳ್ಬೇಕು ಅನ್ನಿಸ್ತು."

ಭೀಮೇಶ ಸೌಟನ್ನು ಕಟ್ಟೆಯ ಮೇಲಿಟ್ಟ.

"ಆ ಕೆಲಸ ನಿಮ್ಮಿಂದ ಹೋಗಿಲ್ಲ. ನೀವು ಸಿಟ್ಟು ಮಾಡ್ಕೊಂಡು ಹೋದ ದಿನಾನೇ ನಾನು ಬೇಡ ಅಂದುಬಂದೆ."

"ಏನು?! ಯಾಕೆ?"

"ನೀವು ಒಪ್ಪಿದ್ರೆ ಮಾತ್ರ ಇಲ್ಲಿ ವರ್ಕ್‌ಶಾಪು. ಅಂಥದ್ರಲ್ಲಿ ನಾನು 'ಒಪ್ಕೊಳ್ರಿ' ಅಂದಿದ್ರೆ ನನ್ನ ಕೆಲಸಕ್ಕೋಸ್ಕರ ಅಂದಂಗೆ. 'ಬೇಡ' ಅಂದಿದ್ರೆ..." ಅವನು ತಡವರಿಸಿದ.

"ಬೇಡ ಅಂದಿದ್ರೆ?"

"ನೀವು ಚನ್ನಗಿರೀಲೇ ಇರ್ಲಿ, ದಿನಾ ಎದುರಿಗೆ ಕಾಣ್ಲಿ ಅನ್ನೋ ನನ್ನ ಆಸೆಗೋಸ್ಕರ ಅಂದಂಗೆ. ಯಾವುದು ನಿಮ್ಮ ಒಳ್ಳೇದಕ್ಕೆ ಅಂತ ನನಗೇ ಗೊತ್ತಾಗ್ಲಿಲ್ಲ ರೀ. ಅದು ನೀವು ಕಟ್ಟಿದ ಕೆಲಸ. ನಿರ್ಧಾರ ನಿಮ್ದೇ ಆಗ್ಬೇಕಿತ್ತು. ಅದಕ್ಕೇ ಬಾಯಿ ಮುಚ್ಕೊಂಡೆ. ಆಮೇಲೆ ಆ ಕೆಲಸ ಬಿಟ್ಟು, ಮನಸ್ಸು ಬಿಚ್ಚಿ ಮಾತಾಡಾಕೆ ಬಂದ್ರೆ... ನೀವು ಹೊನ್ನಾಳಿಗೆ ಹೋಗಿದ್ರಿ."

ಸಂಧ್ಯಾ ಒಂದು ಹೆಜ್ಜೆ ಹತ್ತಿರ ಬಂದಳು. ತನ್ನನ್ನು ಸಣ್ಣವಳೆಂದು ತಿಳಿದಿದ್ದಾನೆ ಅಂದುಕೊಂಡವಳಿಗೆ, ಅವನು ತನ್ನನ್ನು ಎಷ್ಟು ಎತ್ತರದಲ್ಲಿಟ್ಟಿದ್ದ ಎಂದು ಈಗ ತಿಳಿಯಿತು.

"ದಿನಾ ಎದುರಿಗೆ ಕಾಣ್ಲಿ ಅಂತ... ಯಾಕೆ?" ಮೆಲ್ಲಗೆ ಕೇಳಿದಳು.

"ಗೊತ್ತಿಲ್ವಾ ನಿಮಗೆ?"

"ಗೊತ್ತು. ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು."

"ನೀವು ಅಂದ್ರೆ ನನಗೆ ಇಷ್ಟ ಸಂಧ್ಯಾ. ಭಾಳ ಇಷ್ಟ. ಅಷ್ಟು ಜನರ ಮುಂದೆ 'ತಪ್ಪು ನಂದೇ' ಅಂದ್ರಲ್ಲ... ಅವತ್ತಿಂದ."

ಅವಳ ಕಣ್ಣಿಂದ ನೀರು ಜಾರಿತು. ಜೊತೆಗೇ ನಗುವೂ ಬಂತು. "ನನಗೆ ತ್ಯಾವಣಿಗೆಯಿಂದ. ಬಜ್ಜಿ ತಂದಾಗಿಂದ!"

ಒಳಗಿಂದ ಗಾದ್ರಮ್ಮನ ದನಿ ಬಂತು: "ಕಣ್ಣು ಕಾಣ್ದಿದ್ರೂ ಕಿವಿ ಕೇಳುತ್ತೆ ಕಣ್ರಪ್ಪಾ! ಕಣ್ಣು ನೆಟ್ಟಗಾಗ್ಲಿ, ನಾನೇ ಚನ್ನಗಿರಿಗೆ ಬಂದು ಹನುಮಂತಮ್ಮನತ್ರ ಮಾತಾಡ್ತೀನಿ. ಈಗ ಬಂದು ಉಣ್ರಿ, ಸಾರು ಆರೋಗುತ್ತೆ!"

ಇಬ್ಬರೂ ನಾಚಿ ತಲೆ ತಗ್ಗಿಸಿದರು. ಊಟ ಮಾಡಿದರು. ಉಪ್ಪು ಜಾಸ್ತಿಯಾಗಿದ್ದ ಸಾರನ್ನು ಸಂಧ್ಯಾ ಎರಡು ಸಲ ಹಾಕಿಸಿಕೊಂಡಳು. ಹೊನ್ನಾಳಿ ಗಟ್ಟಿಯಾದ ಮೇಲೆ ನ್ಯಾಮತಿ ಎಂದಳು. ಅಲ್ಲಿಗೆ ಟೀಚರ್ ಸಿಕ್ಕ ಮೇಲೆ ಜಗಳೂರು ಎಂದ ಅವನು. ಮಾತು ಮುಗಿಯಲೇ ಇಲ್ಲ.

ಬಿಸಿಲು ಇಳಿಯುವ ಮೊದಲೇ ಅವಳು ಹೊರಡಬೇಕಿತ್ತು. ತಾಯಿಯನ್ನು ಬಿಟ್ಟು ಅವನು ಬರುವಂತಿರಲಿಲ್ಲ. ಗಾಡಿಯ ಗಾಳಿ ನೋಡಿ, ಕನ್ನಡಿ ಒರೆಸಿ, ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಹಾಕಿದ. ಬೆರಳು ಕೆನ್ನೆಗೆ ತಾಗಿದಾಗ ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡಲಿಲ್ಲ.

"ಎದುರುಮನೆ ಅಣ್ಣನ ನಂಬರ್ ಕೊಟ್ಟಿದೀನಿ. ಮುಟ್ಟಿದ ಮೇಲೆ ಫೋನ್ ಮಾಡ್ರಿ."

"ಮಾಡಲ್ಲ."

"ಯಾಕೆ?" ಅವನು ಗಾಬರಿಯಾದ.

"ಇನ್ನೂ 'ರೀ' ಅಂತಿದೀರಲ್ಲ..."

ಭೀಮೇಶ ಒಮ್ಮೆ ಹಿಂದೆ ತಿರುಗಿ ನೋಡಿದ. ಕಪ್ಪು ಕನ್ನಡಕದ ಗಾದ್ರಮ್ಮ ಬಾಗಿಲಲ್ಲೇ ನಿಂತಿದ್ದರು, ಏನೂ ಕಾಣದವರ ಹಾಗೆ. ಅವನು ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ:

"ಹುಷಾರಾಗಿ ಹೋಗು. ಮುಟ್ಟಿದ ಕೂಡ್ಲೇ ಫೋನ್ ಮಾಡು... ಕಾಯ್ತಿರ್ತೀನಿ ಕಣೇ."